‘ಬೇಡ’ ಅನ್ನೋ ಗುಂಡಿ ಎಲ್ಲಿ ಸ್ವಾಮಿ?

ಒಂದು ಗುಂಡಿ ಸರಿಯಾಗಿ ಇಡಲಿಲ್ಲ ಅಂತ ಸಾವಿರ ಕೋಟಿ ರೂಪಾಯಿಗೂ ಮೇಲ್ಪಟ್ಟು ದಂಡ! ನಂಬ್ತೀರಾ? ನಂಬಲೇಬೇಕು.

ನಡೆದದ್ದು ಫ್ರಾನ್ಸ್ ದೇಶದಲ್ಲಿ. ಜನರ ಖಾಸಗಿ ಮಾಹಿತಿ ಕಾಯುವುದಕ್ಕೆಂದೇ ಅಲ್ಲಿ ಸಿ.ಎನ್.ಐ.ಎಲ್. ಎಂಬ ಸಂಸ್ಥೆ ಇದೆ. 2021ರ ಡಿಸೆಂಬರ್ 31ರಂದು ಅದು ಗೂಗಲ್‌ನ ಎರಡು ಕಂಪನಿಗಳಿಗೆ ಒಟ್ಟು 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ಜುಲ್ಮಾನೆ ಹಾಕಿತು. ಮಾಡಿದ ತಪ್ಪೇನು? ಅವರ ವೆಬ್‌ಸೈಟಿನಲ್ಲಿ ‘ಕುಕಿಗೆ ಒಪ್ಪಿದೆ’ ಅನ್ನೋಕೆ ಒಂದೇ ಸಲ ಒತ್ತಿದರೆ ಸಾಕಿತ್ತು. ‘ಬೇಡ’ ಅನ್ನೋಕೆ ಮಾತ್ರ ಒಳಗೊಳಗೆ ಹೋಗಿ ಹಲವು ಸಲ ಒತ್ತಬೇಕಿತ್ತು. ಹೀಗಾದರೆ ಬೇಡ ಅನ್ನುವವನೂ ಬೇಸತ್ತು ‘ಆಯ್ತು ಮಾರಾಯ’ ಅಂತ ಒಪ್ಪಿಬಿಡುತ್ತಾನೆ ಎಂಬುದೇ ಸಂಸ್ಥೆಯ ತಕರಾರು. 3 ತಿಂಗಳಲ್ಲಿ ಸರಿಪಡಿಸದಿದ್ದರೆ ದಿನಕ್ಕೆ 1 ಲಕ್ಷ ಯೂರೋ ಮೇಲುದಂಡ ಬೇರೆ. 2022ರ ಏಪ್ರಿಲ್‌ನಲ್ಲಿ ಗೂಗಲ್, ಮೊದಲು ಫ್ರಾನ್ಸಿನ ಯೂಟ್ಯೂಬ್‌ನಲ್ಲಿ, ‘ಎಲ್ಲವೂ ಬೇಡ’ ಎಂಬ ಗುಂಡಿ ತಂದಿತು.

ತಿನ್ನುವ ಬಿಸ್ಕತ್ತಲ್ಲ

ಬಸ್ಸಿನಲ್ಲಿ ಕೂತು ಮೊಬೈಲು ನೋಡುವವರಿಗೆ ಈ ಪಟ್ಟಿ ಹೊಸದಲ್ಲ. ಸೈಟು ತೆರೆದ ಕೂಡಲೇ ‘ನಾವು ಕುಕಿ ಬಳಸುತ್ತೇವೆ, ಒಪ್ಪಿಗೆಯೇ?’ ಎಂದು ಅಡ್ಡ ಬರುತ್ತದೆ. ಇಳಿಯುವ ಸ್ಟಾಪು ಹತ್ತಿರ ಬಂದಿರುತ್ತದೆ, ಓದುತ್ತ ಕೂರೋರು ಯಾರು? ಒತ್ತಿಬಿಡುತ್ತಾರೆ.

ಕುಕಿ ಅಂದರೆ ವೆಬ್‌ಸೈಟು ಗಿರಾಕಿಯ ಫೋನಿನಲ್ಲೇ ಇಟ್ಟುಹೋಗುವ ಸಣ್ಣ ಚೀಟಿ. ಮುಂದಿನ ಸಲ ಬಂದಾಗ ಅದನ್ನು ಓದಿ ‘ಓಹೋ, ಅದೇ ಗಿರಾಕಿ’ ಅಂತ ಗುರುತು ಹಿಡಿಯುತ್ತದೆ. 1994ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಇದನ್ನು ರೂಪಿಸಿದರು. ಬುಟ್ಟಿಗೆ ಹಾಕಿದ ಸಾಮಾನು ಮುಂದಿನ ಪುಟಕ್ಕೆ ಹೋದರೂ ಬುಟ್ಟಿಯಲ್ಲೇ ಇರಲಿ ಎಂಬಂಥ ಉಪಯೋಗಕ್ಕೆ. ಅದರಲ್ಲಿ ತಪ್ಪೇನೂ ಇಲ್ಲ.

ಆಮೇಲೆ ಜಾಹೀರಾತಿನವರು ಬಂದರು. ಸಾವಿರಾರು ಸೈಟುಗಳಲ್ಲಿ ತಮ್ಮದೇ ಚೀಟಿ ಇಡತೊಡಗಿದರು. ಬೆಳಿಗ್ಗೆ ಚಪ್ಪಲಿ ನೋಡಿದವನಿಗೆ ಸಂಜೆ ಕ್ರಿಕೆಟ್ ಸ್ಕೋರಿನ ಪಕ್ಕದಲ್ಲೂ ಅದೇ ಚಪ್ಪಲಿ! ಉದ್ರಿ ಪುಸ್ತಕದಲ್ಲಿ ಗಿರಾಕಿಯ ಲೆಕ್ಕ ಬರೆಯೋದು ಬೇರೆ. ಅವನ ಹಿಂದೆ ಆಳು ಬಿಟ್ಟು, ಪಕ್ಕದ ಬೀದಿಯಲ್ಲಿ ಏನು ಕೊಂಡ ಅಂತ ಬರೆಸೋದು ಬೇರೆ.

ಯೂರೋಪ್ ಒಕ್ಕೂಟ ಎದ್ದದ್ದು ಈ ಎರಡನೆಯ ಬಾಬತ್ತಿಗೆ. ತನ್ನ 2002ರ ಕಾನೂನನ್ನು 2009ರಲ್ಲಿ ತಿದ್ದಿ, ‘ಮೊದಲು ಕೇಳಿ, ಆಮೇಲೆ ಚೀಟಿ ಇಡಿ’ ಎಂದಿತು. ಬುಟ್ಟಿ, ಲಾಗಿನ್ ಮುಂತಾದ ತೀರಾ ಅಗತ್ಯದ ಚೀಟಿಗೆ ಕೇಳಬೇಕಿಲ್ಲ. 2018ರ ಮೇ 25ರಿಂದ ಜಾರಿಗೆ ಬಂದ ಜಿ.ಡಿ.ಪಿ.ಆರ್. ಕಾನೂನು ‘ಒಪ್ಪಿಗೆ’ ಎಂದರೇನು ಎಂಬುದನ್ನು ಬಿಗಿ ಮಾಡಿತು. ಆ ಕಾನೂನು ಮುರಿದರೆ 2 ಕೋಟಿ ಯೂರೋ ಅಥವಾ ಜಾಗತಿಕ ವಹಿವಾಟಿನ ಶೇಕಡ 4, ಯಾವುದು ಹೆಚ್ಚೋ ಅಲ್ಲಿಯವರೆಗೂ ದಂಡ ಬೀಳಬಹುದು.

ಮೌನ ಸಮ್ಮತಿಯಲ್ಲ

ಜರ್ಮನಿಯ ಪ್ಲಾನೆಟ್49 ಎಂಬ ಆನ್‌ಲೈನ್ ಲಾಟರಿ ಕಂಪನಿ ಒಂದು ಉಪಾಯ ಮಾಡಿತ್ತು. ಒಪ್ಪಿಗೆಯ ಚೌಕದಲ್ಲಿ ಮೊದಲೇ ಟಿಕ್ ಹಾಕಿಟ್ಟಿತ್ತು. ಬೇಡವಾದವರು ತೆಗೆಯಬೇಕಿತ್ತು. ಗ್ರಾಹಕರ ಸಂಘದವರು ಕೋರ್ಟಿಗೆ ಹೋದರು. 2019ರ ಅಕ್ಟೋಬರ್ 1ರಂದು ಲಕ್ಸೆಂಬರ್ಗ್‌ನ ಯೂರೋಪ್ ನ್ಯಾಯಾಲಯ, ಅದು ಒಪ್ಪಿಗೆಯೇ ಅಲ್ಲ ಅಂತ ಹೇಳಿತು. ಚೀಟಿ ಎಷ್ಟು ದಿನ ಇರುತ್ತದೆ, ಬೇರೆಯವರೂ ಓದುತ್ತಾರೋ ಇಲ್ಲವೋ ಎಂಬುದನ್ನೂ ತಿಳಿಸಬೇಕು ಅಂತಲೂ ಹೇಳಿತು. ಸರಿಯೇ ತಾನೆ? ಬೇರೊಬ್ಬ ರುಜು ಹಾಕಿದ ಪ್ರಾಮಿಸರಿ ನೋಟನ್ನು ಯಾವ ವ್ಯಾಪಾರಿ ಒಪ್ಪುತ್ತಾನೆ?

‘ಯೂರೋಪಿನ ಉಸಾಬರಿ ಇಲ್ಲಿಯ ಅಂಗಡಿಯವನಿಗೆ ಯಾಕೆ?’ ಅನ್ನಬಹುದು. ಬರ್ಲಿನ್‌ನಲ್ಲಿ ಕೂತವನಿಗೂ ಸೈಟು ಕಾಣುತ್ತದೆ ಅನ್ನೋದಷ್ಟಕ್ಕೇ ಜಿ.ಡಿ.ಪಿ.ಆರ್. ಹಿಡಿಯುವುದಿಲ್ಲ. ಆದರೆ ಯೂರೋದಲ್ಲಿ ಬೆಲೆ ಹಾಕಿ, ಜರ್ಮನಿಗೆ ಪಾರ್ಸೆಲ್ ಕಳಿಸುತ್ತೇವೆ ಅಂತ ರೇಷ್ಮೆಯನ್ನೋ ಕಾಫಿ ಪುಡಿಯನ್ನೋ ಅಲ್ಲಿಯ ಜನಕ್ಕೆ ಮಾರಲು ಹೊರಟರೆ, ಮೈಸೂರಿನಲ್ಲಿದ್ದರೂ ಚಿಕ್ಕಮಗಳೂರಿನಲ್ಲಿದ್ದರೂ ಅದು ಅನ್ವಯ.

ಸೈಟು ಮಾಡಿಕೊಟ್ಟ ಹುಡುಗ ‘ಪಟ್ಟಿ ಹಾಕಿದೀನಿ ಸಾರ್, ಇನ್ನೇನೂ ಭಯವಿಲ್ಲ’ ಅಂದರೆ ನಾಲ್ಕು ಪ್ರಶ್ನೆ ಕೇಳಬೇಕು. ಗಿರಾಕಿ ಒಪ್ಪುವ ಮುಂಚೆಯೇ ಜಾಹೀರಾತಿನ ಚೀಟಿ ಬೀಳುತ್ತಿದೆಯೇ? ಬಿದ್ದರೆ ಪಟ್ಟಿ ಹಾಕಿಯೂ ದಂಡ. ‘ಒಪ್ಪಿದೆ’ ಅನ್ನುವಷ್ಟೇ ಸುಲಭವಾಗಿ ‘ಬೇಡ’ ಅನ್ನಲು ಬರುತ್ತದೆಯೇ? ಇಂದು ಒಪ್ಪಿದವನು ನಾಳೆ ಸಲೀಸಾಗಿ ವಾಪಸು ಪಡೆಯಬಹುದೇ? ಒಪ್ಪಿದ್ದಕ್ಕೆ ದಾಖಲೆ ಇದೆಯೇ? ನಾಲ್ಕಕ್ಕೂ ಸರಿಯುತ್ತರ ಬಾರದಿದ್ದರೆ ಆ ಪಟ್ಟಿ ಬರೀ ತೋರಣ.

ಪಟ್ಟಿಗಳ ಕಾಟ ಅತಿಯಾಯಿತು ಅಂತ ಯೂರೋಪಿನವರೂ ಗೊಣಗುತ್ತಾರೆ. ಅದನ್ನು ಕಡಿಮೆ ಮಾಡಲು ಯೂರೋಪ್ ಆಯೋಗವೇ 2025ರ ನವೆಂಬರ್‌ನಲ್ಲಿ ತಿದ್ದುಪಡಿಯ ಪ್ರಸ್ತಾಪ ಮುಂದಿಟ್ಟಿತು. ಕಾಟ ಪಟ್ಟಿಯದೋ, ಅದರ ಹಿಂದಿರುವ ಚೀಟಿಯದೋ ಎಂಬುದು ಬೇರೆ ಮಾತು.

ಭಾರತವೂ ಹಿಂದೆ ಬಿದ್ದಿಲ್ಲ. 2023ರಲ್ಲಿ ಪಾಸಾದ ಖಾಸಗಿ ಮಾಹಿತಿ ಕಾಯ್ದೆಯೂ ಒಪ್ಪಿಗೆ ಒತ್ತಾಯದ್ದಾಗಿರಬಾರದು, ಸ್ಪಷ್ಟವಾಗಿರಬೇಕು ಎನ್ನುತ್ತದೆ. ಒಪ್ಪಿಗೆ ಕೇಳುವ ಮಾತನ್ನು ಗಿರಾಕಿ ಬಯಸಿದರೆ ಕನ್ನಡದಲ್ಲೂ ಓದಲು ಸಿಗುವಂತೆ ಇಡಬೇಕು ಅಂತಲೂ ಅದರಲ್ಲಿದೆ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತ ಹಳಬರು ಸುಮ್ಮನೆ ಹೇಳಿಲ್ಲ. ನಾಳೆ ಬಸ್ಸಿನಲ್ಲಿ ಆ ಪಟ್ಟಿ ಬಂದಾಗ ಒಂದು ಗಳಿಗೆ ತಡೆದು ‘ಬೇಡ’ ಎಲ್ಲಿದೆ ಅಂತ ಹುಡುಕಿ ನೋಡಿ. ಸುಲಭವಾಗಿ ಸಿಕ್ಕಿದರೆ ಆ ಅಂಗಡಿಯವನು ಮರ್ಯಾದಸ್ಥ.