ಮೊಸರಿನ ಮಂಗಮ್ಮನ ಮನೆಯಲ್ಲಿ ತಪ್ಪು ಯಾರದು?

ಹೋದ ಭಾನುವಾರ ನಮ್ಮ ಮನೆಯ ಜಗಲಿಯಲ್ಲಿ ಒಂದು ಸಣ್ಣ ಪಂಚಾಯಿತಿ ನಡೆಯಿತು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗಳಿಗೆ ಶಾಲೆಯಲ್ಲಿ ಒಂದು ಕೆಲಸ ಕೊಟ್ಟಿದ್ದರು. ಯಾವುದಾದರೂ ಒಂದು ಕನ್ನಡ ಸಣ್ಣಕಥೆ ಓದಿ, ಅದರ ಅಂಶಗಳನ್ನು ಗುರುತಿಸಿ ಬರೆಯಬೇಕು. ಅವಳು ನೋಟ್‌ಬುಕ್ಕಿನಲ್ಲಿ ಆಗಲೇ ಗೆರೆ ಎಳೆದು ಸಾಲಾಗಿ ಬರೆದುಕೊಂಡಿದ್ದಳು: ಪಾತ್ರ, ಹಿನ್ನೆಲೆ, ಕಥೆಯ ನಡೆ, ಸಂಘರ್ಷ, ಸಂಕೇತ, ನಿರೂಪಣೆ, ಆಶಯ.

"ಅಜ್ಜಿ, ಬೇಗ ಮುಗಿಯೋ ಕಥೆ ಯಾವುದಾದ್ರೂ ಹೇಳು. ಕಾಲಂ ತುಂಬಿಸಿಬಿಡ್ತೀನಿ" ಅಂದಳು.

ನಾನು ಕಪಾಟಿನಿಂದ ಮಾಸ್ತಿಯವರ ಪುಸ್ತಕ ತೆಗೆದು 'ಮೊಸರಿನ ಮಂಗಮ್ಮ' ಕಥೆಯನ್ನು ಓದಲು ಕೊಟ್ಟೆ.

ಮಕ್ಕಳೇ, ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಹೆಸರು ನೀವು ಕೇಳಿರುತ್ತೀರಿ. ಹುಟ್ಟಿದ್ದು 1891ರಲ್ಲಿ, ಕೋಲಾರ ಸೀಮೆಯ ಮಾಲೂರು ತಾಲ್ಲೂಕಿನಲ್ಲಿ. ಮನೆಮಾತು ತಮಿಳು, ಬರೆದದ್ದು ಕನ್ನಡದಲ್ಲಿ, 'ಶ್ರೀನಿವಾಸ' ಎಂಬ ಹೆಸರಿನಿಂದ. ಅವರ 'ಕೆಲವು ಸಣ್ಣ ಕಥೆಗಳು' ಎಂಬ ಪುಸ್ತಕ ಬಂದದ್ದು 1920ರಲ್ಲಿ. 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಬಂತು. ಸಣ್ಣಕಥೆ ಎಂಬುದು ಕನ್ನಡದಲ್ಲಿ ಬೇರೂರಲು ಅವರು ದೊಡ್ಡ ಕಾರಣ.

ಕಥೆ ಹೀಗಿದೆ. ಮಂಗಮ್ಮ ಬೆಂಗಳೂರಿನ ಹತ್ತಿರದ ಹಳ್ಳಿಯವಳು. ದಿನವೂ ಪೇಟೆಗೆ ಬಂದು ಮೊಸರು ಮಾರುತ್ತಾಳೆ. ಕೆಲವು ಮನೆಗಳಿಗೆ ವರ್ತನೆ, ಎಂದರೆ ದಿನಾ ಹಾಕಿ ತಿಂಗಳಿಗೊಮ್ಮೆ ದುಡ್ಡು ತೆಗೆದುಕೊಳ್ಳುವುದು. ಒಂದು ದಿನ ಸೊಸೆ ನಂಜಮ್ಮ ತನ್ನ ಮಗುವನ್ನು ಹೊಡೆದಳೆಂದು ಮಂಗಮ್ಮ ಕೇಳಲು ಹೋಗುತ್ತಾಳೆ. ಮಾತಿಗೆ ಮಾತು ಬೆಳೆಯುತ್ತದೆ. ಮಗ ಹೆಂಡತಿಯ ಕಡೆ ನಿಲ್ಲುತ್ತಾನೆ. ಮಂಗಮ್ಮ ಬೇರೆಯಾಗಿ ಒಬ್ಬಳೇ ಇರತೊಡಗುತ್ತಾಳೆ. ಯಾರಿಗಾಗಿ ಕೂಡಿಡಬೇಕು ಎಂದು ಮಖಮಲ್ಲಿನ ಜಾಕೀಟು ಹೊಲಿಸಿಕೊಳ್ಳುತ್ತಾಳೆ. ಊರಿನ ರಂಗಪ್ಪ ಎಂಬುವನು, ಅವಳ ಬಳಿ ದುಡ್ಡಿದೆ ಎಂದು ಗೊತ್ತಾಗಿ, ದಾರಿಯಲ್ಲಿ ಮಾತಾಡಿಸಲು ಶುರುಮಾಡುತ್ತಾನೆ. ಕೊನೆಗೆ ಮೊಮ್ಮಗನೇ ಅಜ್ಜಿಯ ಮನೆಗೆ ಬಂದು ಕೂರುತ್ತಾನೆ. ಮನೆ ಮತ್ತೆ ಒಂದಾಗುತ್ತದೆ.

ಓದಿ ಮುಗಿಸಿದ ಮೊಮ್ಮಗಳು ಪುಸ್ತಕ ಮಡಚಿ ತೀರ್ಪು ಕೊಟ್ಟಳು. "ತಪ್ಪು ನಂಜಮ್ಮನದು. ಪಾಪ, ಮಂಗಮ್ಮ!"

ನನಗೂ ಹಾಗೇ ಅನ್ನಿಸುತ್ತಿತ್ತು ಅನ್ನಿ. ಆದರೂ ಹೇಳಿದೆ: "ಸರಿ, ನಿನ್ನ ಕಾಲಂಗಳನ್ನು ತುಂಬಿಸೋಣ. ಆಮೇಲೂ ಇದೇ ತೀರ್ಪು ನಿಲ್ಲುತ್ತದೋ ನೋಡೋಣ."

ಮೊದಲು ಪಾತ್ರ. ಒಂದು ಪಾತ್ರ ಹೇಗೆಂದು ತಿಳಿಯಲು ಅದರ ಗುಣಗಳ ಪಟ್ಟಿ ಮಾಡಿದರೆ ಸಾಲದು, ಅದು ಏನು ಮಾಡಿತು ಎಂದು ನೋಡಬೇಕು. ಮಂಗಮ್ಮ ಒಳ್ಳೆಯವಳು ಎಂದು ಬರೆದರೆ ಅರ್ಧ ಉತ್ತರ. ಜಾಕೀಟನ್ನು ನೋಡಿ. ಜೀವಮಾನವಿಡೀ ಕಾಸಿಗೆ ಕಾಸು ಕೂಡಿಸಿದವಳು ಇಳಿವಯಸ್ಸಿನಲ್ಲಿ ಮಖಮಲ್ಲು ತೊಟ್ಟಳು ಎಂದರೆ ಅದು ಶೋಕಿ ಒಂದೇ ಅಲ್ಲ. ಅದರಲ್ಲಿ ಸಿಟ್ಟಿದೆ, ಒಂಟಿತನವಿದೆ, ಮಗನಿಗೆ ತೋರಿಸಬೇಕೆಂಬ ಹಟವಿದೆ. ಒಂದು ಬಟ್ಟೆಯಲ್ಲಿ ಇಷ್ಟನ್ನು ಮಾಸ್ತಿಯವರು ಇಟ್ಟಿದ್ದಾರೆ.

ಆಮೇಲೆ ಹಿನ್ನೆಲೆ. ಹಳ್ಳಿ, ಪೇಟೆ, ನಡುವೆ ದಾರಿ. ಮೊಸರು ಮಾರುವ ಕೆಲಸ ಇಲ್ಲದಿದ್ದರೆ ಮಂಗಮ್ಮನಿಗೆ ಸ್ವಂತ ದುಡ್ಡಿಲ್ಲ. ದುಡ್ಡಿಲ್ಲದಿದ್ದರೆ ಬೇರೆ ಇರುವ ಧೈರ್ಯವಿಲ್ಲ. ಒಬ್ಬಳೇ ನಡೆಯುವ ದಾರಿ ಇಲ್ಲದಿದ್ದರೆ ರಂಗಪ್ಪನಿಗೆ ಮಾತಾಡಿಸಲು ಜಾಗವಿಲ್ಲ. ಇದನ್ನು ಹೇಳಿದಾಗ ಮೊಮ್ಮಗಳು ಪೆನ್ನು ತಡೆದು, "ಹಾಗಾದ್ರೆ ಹಿನ್ನೆಲೆ ಅಂದ್ರೆ ಬರೀ ಊರಿನ ಹೆಸರಲ್ಲ!" ಅಂದಳು. ಅಲ್ಲ. ಕಥೆ ನಡೆಯಲು ಬೇಕಾದ ನೆಲ ಅದು.

ಸಂಕೇತಕ್ಕೆ ಒಂದು ಕಾಗೆ ಇದೆ. ಮಂಗಮ್ಮ ಮೊಮ್ಮಗನಿಗೆಂದು ತಿಂಡಿಯ ಪೊಟ್ಟಣ ಕೊಂಡು ಹೋಗುವಾಗ ಕಾಗೆಯೊಂದು ಅದನ್ನು ಕಸಿದುಕೊಂಡು ಹೋಗುತ್ತದೆ. ಕಾಗೆ ಮುಟ್ಟಿದರೆ ಕೆಡುಕು ಎಂಬ ನಂಬಿಕೆ ಹಿಂದಿನವರಲ್ಲಿತ್ತು. ಮಂಗಮ್ಮ ಹೆದರುತ್ತಾಳೆ. ಕಾಗೆ ಕೆಡುಕು ತರುತ್ತದೆಂದು ನಾವು ನಂಬಬೇಕಾಗಿಲ್ಲ. ಆದರೆ ಒಂಟಿಯಾಗಿರುವ ಮುದುಕಿಗೆ ಆ ಹೊತ್ತಿನಲ್ಲಿ ಏನೇನು ನೆನಪಾಗಿರಬಹುದು ಎಂದು ಯೋಚಿಸಬಹುದು. ನಾಳೆ ನನಗೇನಾದರೂ ಆದರೆ ಹತ್ತಿರ ಯಾರಿದ್ದಾರೆ? ಕಾಗೆಯಿಂದ ನಮಗೆ ಕಾಣುವುದು ಅವಳ ಭಯ.

ಸಂಘರ್ಷದ ಕಾಲಂ ಬಂದಾಗ ಮೊಮ್ಮಗಳು ಚಕಚಕನೆ 'ಅತ್ತೆ ಸೊಸೆ ಜಗಳ' ಎಂದು ಬರೆದಳು. ನಾನು ಕೇಳಿದೆ: "ಜಗಳ ಯಾತಕ್ಕೆ?" "ಮಗುವನ್ನ ಹೊಡೆದಿದ್ದಕ್ಕೆ." "ಅಷ್ಟೇನಾ?" ಅವಳು ಯೋಚಿಸತೊಡಗಿದಳು.

ಅಲ್ಲಿಗೆ ಬಂದದ್ದು ನಿರೂಪಣೆ. ಕಥೆ ಹೇಳುತ್ತಿರುವವರು ಯಾರು? ಎಲ್ಲರೂ ಬೇಗ ದಾಟಿಹೋಗುವ ಪ್ರಶ್ನೆ ಇದು. ಈ ಕಥೆಯನ್ನು ಹೇಳುವವಳು ಮಂಗಮ್ಮ ಅಲ್ಲ, ನಂಜಮ್ಮನೂ ಅಲ್ಲ. ಮಂಗಮ್ಮನ ಹತ್ತಿರ ಮೊಸರು ಹಾಕಿಸಿಕೊಳ್ಳುವ ಪೇಟೆಯ ಒಬ್ಬ ಗೃಹಿಣಿ. ಮಂಗಮ್ಮನ ಮನೆಯನ್ನು ಆಕೆ ಕಂಡಿಲ್ಲ. ಜಗಳವನ್ನು ಕಣ್ಣಾರೆ ನೋಡಿಲ್ಲ. ಮಂಗಮ್ಮ ಕುಳಿತು ಎಲೆ ಅಡಿಕೆ ಹಾಕಿಕೊಂಡು ಹೇಳಿದ್ದಷ್ಟೇ ಆಕೆಗೆ ಗೊತ್ತು. ಆಕೆಗೆ ಗೊತ್ತಾದದ್ದಷ್ಟೇ ನಮಗೂ ಗೊತ್ತು.

ಆದರೆ ಮಾಸ್ತಿಯವರು ಅಲ್ಲಿಗೇ ನಿಲ್ಲಿಸುವುದಿಲ್ಲ. ಕಥೆಯ ಕೊನೆಯ ಭಾಗದಲ್ಲಿ ಮೊಸರು ತರುವ ಕೆಲಸ ಸೊಸೆಗೆ ಬರುತ್ತದೆ. ಅದೇ ಮನೆ ಬಾಗಿಲಿಗೆ ಬಂದ ನಂಜಮ್ಮ ತನ್ನ ಮಾತನ್ನೂ ಹೇಳುತ್ತಾಳೆ. ಮಗುವಿನ ತಾಯಿ ನಾನು, ತಪ್ಪು ಮಾಡಿದರೆ ತಿದ್ದುವ ಹಕ್ಕು ನನಗಿಲ್ಲವೇ? ನನ್ನ ಗಂಡ ನನ್ನ ಮಾತಿಗೂ ಬೆಲೆ ಕೊಡಬೇಡವೇ? ಎಂಬುದು ಅವಳ ಅಳಲಿನ ಸಾರ. ಮೊಮ್ಮಗ ಅಜ್ಜಿಯ ಮನೆಗೆ ಹೋದದ್ದರ ಹಿಂದೆ ಅವಳ ಉಪಾಯವೂ ಇತ್ತೆಂದು ನಮಗೆ ಆಗ ತಿಳಿಯುತ್ತದೆ. ಅತ್ತೆಯ ದುಡ್ಡು ರಂಗಪ್ಪನ ಪಾಲಾಗಬಾರದು ಎಂಬ ಲೆಕ್ಕ ಅದರಲ್ಲಿದೆ. ಮುರಿದ ಮನೆಯನ್ನು ಕೂಡಿಸಿದ ಜಾಣ್ಮೆಯೂ ಅದರಲ್ಲೇ ಇದೆ.

"ಅಂದ್ರೆ ನಾವು ಇಷ್ಟು ಹೊತ್ತೂ ಒಂದೇ ಕಡೆ ಮಾತು ಕೇಳ್ತಿದ್ವಿ!" ಅಂದಳು ಮೊಮ್ಮಗಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಮೆಲ್ಲಗೆ ಕೇಳಿದಳು: "ಅಜ್ಜಿ, ಮೊನ್ನೆ ತಮ್ಮನಿಗೆ ಅಮ್ಮ ಬೈದಾಗ ನೀನೂ ಹೀಗೇ ಮಾಡಿದೆ ಅಲ್ವಾ?"

ನಾನು ಉತ್ತರ ಕೊಡಲಿಲ್ಲ. ನಡೆದದ್ದು ನಿಜ. ಚಿಕ್ಕವನು ಮೊಬೈಲು ಕೆಳಗೆ ಹಾಕಿ ಒಡೆದಿದ್ದ, ಅವನಮ್ಮ ಗದರಿದ್ದಳು. ನಾನು ಅಡುಗೆಮನೆಯಿಂದ ಬಂದು ಅವನನ್ನು ಎತ್ತಿಕೊಂಡು, "ಮಗುವಿಗಿಂತ ಮೊಬೈಲು ಹೆಚ್ಚಾಯಿತೇನಮ್ಮ?" ಎಂದು ಕೇಳಿದ್ದೆ. ಆಮೇಲೆ ಎರಡು ದಿನ ಸೊಸೆ, ನಾನು ಲೆಕ್ಕಹಾಕಿ ಮಾತಾಡಿದ್ದೆವು. ಅವನಿಗೆ ಅದಕ್ಕೂ ಮೊದಲು ಮೂರು ಸಲ ಮೊಬೈಲು ಮುಟ್ಟಬೇಡವೆಂದು ಅವಳು ಹೇಳಿದ್ದಳಂತೆ. ನಾನು ಕೇಳಿಸಿಕೊಂಡದ್ದು ಅವನ ಅಳುವನ್ನು ಮಾತ್ರ.

ಮಂಗಮ್ಮನ ಕಥೆಯನ್ನು ನಾನು ಹತ್ತಾರು ಸಲ ಓದಿದ್ದೇನೆ. ನನಗೆ ಸೊಸೆ ಬಂದ ಮೇಲೆ ಯಾವಾಗಲೂ ಮಂಗಮ್ಮನ ಪಕ್ಕ ಕುಳಿತೇ ಓದಿದ್ದೆ. ಹದಿಮೂರು ವರ್ಷದ ಹುಡುಗಿ ನನ್ನನ್ನು ಎಬ್ಬಿಸಿ ನಂಜಮ್ಮನ ಪಕ್ಕ ಕೂರಿಸಿದಳು.

ಕಥೆಯ ಅಂಶಗಳನ್ನು ಗುರುತಿಸುವುದೆಂದರೆ ಇದೇ ಎಂದು ನನಗೀಗ ಅನ್ನಿಸುತ್ತದೆ. ಅದು ಪರೀಕ್ಷೆಯ ಐದು ಅಂಕಕ್ಕೆ ಮಾತ್ರವಲ್ಲ. ಯಾರ ಬಾಯಿಂದ ಕೇಳುತ್ತಿದ್ದೇನೆ, ಯಾರ ಮಾತು ಇನ್ನೂ ಕೇಳಿಲ್ಲ ಎಂದು ಕಥೆಯಲ್ಲಿ ಕೇಳಿ ಅಭ್ಯಾಸವಾದರೆ, ಮನೆಯ ಜಗಳದಲ್ಲೂ ಶಾಲೆಯ ಮೈದಾನದಲ್ಲೂ ಅದು ನೆನಪಾಗುತ್ತದೆ.

ಅಜ್ಜ ಅಜ್ಜಿಯರೇ, ಈ ವಾರ ನಿಮ್ಮ ಮೊಮ್ಮಕ್ಕಳೊಂದಿಗೆ ಹೀಗೆ ಮಾಡಿ ನೋಡಿ. ಒಂದು ಸಣ್ಣಕಥೆಯನ್ನು ಗಟ್ಟಿಯಾಗಿ ಓದಿ. ಅರ್ಧದಲ್ಲಿ ನಿಲ್ಲಿಸಿ, ಇಲ್ಲಿಯವರೆಗೆ ತಪ್ಪು ಯಾರದು ಎಂದು ಕೇಳಿ. ಪೂರ್ತಿ ಓದಿದ ಮೇಲೆ ಮತ್ತೆ ಕೇಳಿ. ಉತ್ತರ ಬದಲಾಗಿದ್ದರೆ, ಯಾವ ಸಾಲಿನಲ್ಲಿ ಬದಲಾಯಿತು ಎಂದು ಹುಡುಕಲು ಹೇಳಿ.

ಮಕ್ಕಳೇ, ನೀವು ಅದೇ ಕಥೆಯನ್ನು ಬೇರೆ ಪಾತ್ರದ ಬಾಯಿಂದ ಹೇಳಿ ನೋಡಿ. ಮಂಗಮ್ಮನ ಮೊಮ್ಮಗನೇ ಹೇಳಿದ್ದರೆ ಈ ಕಥೆ ಎಲ್ಲಿಂದ ಶುರುವಾಗುತ್ತಿತ್ತು? ಪೆಟ್ಟಿನಿಂದಲೋ, ತಿಂಡಿಯ ಪೊಟ್ಟಣದಿಂದಲೋ? ಕಥೆಯ ಕೊನೆಯಲ್ಲಿ ಅತ್ತೆ ಸೊಸೆಯರ ಜಗಳಕ್ಕೆ ನಿರೂಪಕಿ ಒಂದು ಹೋಲಿಕೆ ಕೊಡುತ್ತಾಳೆ. ಅದನ್ನು ನಾನಿಲ್ಲಿ ಹೇಳುವುದಿಲ್ಲ, ಪುಸ್ತಕದಲ್ಲೇ ಓದಿಕೊಳ್ಳಿ. ಆ ಹೋಲಿಕೆ ನಂಜಮ್ಮನಿಗೆ ನ್ಯಾಯ ಮಾಡುತ್ತದೆಯೇ ಎಂದು ಮನೆಯವರ ಜೊತೆ ವಾದ ಮಾಡಿ.

ನಮ್ಮ ಮನೆಯ ಪಂಚಾಯಿತಿ ತೀರ್ಪಿಲ್ಲದೆ ಮುಗಿಯಿತು. ಮೊಮ್ಮಗಳು ಸಂಘರ್ಷದ ಕಾಲಂನಲ್ಲಿ ಬರೆದಿದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದಳು: 'ಮಗನೂ ಮೊಮ್ಮಗನೂ ಇಬ್ಬರಿಗೂ ಬೇಕು. ಅದಕ್ಕೇ ಜಗಳ.' ಆಶಯದ ಕಾಲಂ ಖಾಲಿ ಬಿಟ್ಟು, "ಇದನ್ನ ಅಮ್ಮನ್ನ ಕೇಳಿ ಬರೀತೀನಿ" ಎಂದು ಒಳಗೆ ಹೋದಳು.

ರಾತ್ರಿ ಊಟಕ್ಕೆ ಕೂತಾಗ ಸೊಸೆ ನನ್ನ ತಟ್ಟೆಗೆ ಮೊಸರು ಬಡಿಸುತ್ತಾ ಕೇಳಿದಳು: "ಅತ್ತೆ, ಆ ಪುಸ್ತಕ ಎಲ್ಲಿಟ್ಟಿದ್ದೀರಿ? ನಾನೂ ಒಂದ್ಸಲ ಓದ್ತೀನಿ."

ಜಗಲಿಯ ಮೇಲೇ ಇದೆ ಎಂದೆ.