ನಿಂಫ್ ಫ್ಲೈ ಕಟ್ಟುವಿಕೆ

ನಿಂಫ್ ಫ್ಲೈ ಎಂಬುದು ನೀರಿನಡಿಯಲ್ಲಿ ಬೆಳೆಯುವ ಕೀಟಗಳ ಮರಿಹಂತವನ್ನು ಹೋಲುವಂತೆ ಗರಿ, ದಾರ ಮತ್ತು ತಂತಿಗಳನ್ನು ಗಾಳಕ್ಕೆ ಸುತ್ತಿ ಮಾಡುವ ಕೃತಕ ಎರೆ. ಇದನ್ನು ಫ್ಲೈ ಫಿಶಿಂಗ್ ಎಂಬ ಗಾಳ ಮೀನುಗಾರಿಕೆಯಲ್ಲಿ ಬಳಸುತ್ತಾರೆ. ಮೀನು ಮತ್ತೆ ಮತ್ತೆ ಕಚ್ಚಿದರೂ, ಹೊಳೆಯ ಕಲ್ಲುಗಳಿಗೆ ಉಜ್ಜಿದರೂ ಬಿಚ್ಚಿಕೊಳ್ಳದಿರುವುದು ಉತ್ತಮ ನಿಂಫ್‌ನ ಲಕ್ಷಣ. ಈ ಬಾಳಿಕೆಯು ಅಂಟಿಗಿಂತ ಹೆಚ್ಚಾಗಿ ಸುತ್ತುಗಳ ಕ್ರಮವನ್ನು ಅವಲಂಬಿಸಿದೆ.

ಹಿನ್ನೆಲೆ

ಮೇ ನೊಣ, ಏರೋಪ್ಲೇನ್ ಚಿಟ್ಟೆ ಮೊದಲಾದ ಕೀಟಗಳು ತಮ್ಮ ಆಯುಷ್ಯದ ಬಹುಭಾಗವನ್ನು ನೀರಿನೊಳಗೆ ಮರಿಯಾಗಿ ಕಳೆಯುತ್ತವೆ. ಕೀಟಗಳ ಈ ಹಂತವನ್ನು ಇಂಗ್ಲಿಷಿನಲ್ಲಿ ನಿಂಫ್ ಎಂದೂ ಕನ್ನಡದ ಕೃಷಿ ಬರಹಗಳಲ್ಲಿ ಅಪ್ಸರೆ ಎಂದೂ ಕರೆಯುವುದುಂಟು. ಮೀನುಗಳು ನೀರಿನ ಮೇಲಿನ ಕೀಟಗಳಿಗಿಂತ ಒಳಗಿನ ಮರಿಗಳನ್ನೇ ಹೆಚ್ಚಾಗಿ ತಿನ್ನುವುದರಿಂದ ಅವುಗಳನ್ನು ಹೋಲುವ ಎರೆಗಳು ಬಳಕೆಗೆ ಬಂದವು. ಇಂಗ್ಲೆಂಡಿನ ಜಿ. ಇ. ಎಂ. ಸ್ಕೂಸ್ 1910ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ವಿಧಾನಕ್ಕೆ ಮನ್ನಣೆ ದೊರೆಯಿತು. ಏವನ್ ನದಿಯ ಪಾಲಕರಾಗಿದ್ದ ಫ್ರಾಂಕ್ ಸಾಯರ್ ದಾರದ ಬದಲು ತೆಳುವಾದ ತಾಮ್ರದ ತಂತಿಯನ್ನೇ ಬಳಸಿ ಫೆಸೆಂಟ್ ಟೇಲ್ ಎಂಬ ನಿಂಫ್ ರೂಪಿಸಿದರು. ಅದರಲ್ಲಿ ತೂಕವನ್ನೂ ಬಿಗಿಯನ್ನೂ ಒಂದೇ ತಂತಿ ಒದಗಿಸುತ್ತದೆ.

ಭಾರತದ ನದಿಗಳ ಗಾಳ ಮೀನುಗಾರಿಕೆಯನ್ನು ಕುರಿತ ಆರಂಭದ ಪ್ರಮುಖ ಗ್ರಂಥ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಪ್ರಕಟವಾಯಿತು. ಇದರ ಕರ್ತೃ ಹೆನ್ರಿ ಸಲಿವನ್ ಥಾಮಸ್, ಆಗಿನ ಮದರಾಸು ಪ್ರಾಂತ್ಯದ ಸಿವಿಲ್ ಅಧಿಕಾರಿಯಾಗಿ ದಕ್ಷಿಣ ಕನ್ನಡದಲ್ಲಿ ಸೇವೆ ಸಲ್ಲಿಸಿದವರು.

ಬಾಳಿಕೆಯ ಅಗತ್ಯ

ಕರ್ನಾಟಕದ ನದಿಗಳಲ್ಲಿರುವ ಮಹಶೀರ್ ಮತ್ತು ಇತರ ಗೆಂಡೆ ಜಾತಿಯ ಮೀನುಗಳಿಗೆ ದವಡೆಯಲ್ಲಿ ಹಲ್ಲುಗಳಿಲ್ಲ. ಗಂಟಲಿನಲ್ಲಿರುವ ಹಲ್ಲುಗಳಿಂದ ಅವು ಆಹಾರವನ್ನು ಜಜ್ಜುತ್ತವೆ. ದೊಡ್ಡ ಮಹಶೀರ್ ಏಡಿ, ಶಂಖದ ಹುಳುಗಳನ್ನೂ ಪುಡಿಮಾಡಬಲ್ಲದು. ಆದ್ದರಿಂದ ತೆಳು ಗಾಳ ಮತ್ತು ಸಡಿಲವಾದ ಸುತ್ತು ಇಲ್ಲಿ ನಿಲ್ಲುವುದಿಲ್ಲ. ಗಾಳ ಮುರಿದರೆ ಅದರ ತುಂಡು ಮೀನಿನ ಬಾಯಲ್ಲೇ ಉಳಿಯುತ್ತದೆ. ಕಾವೇರಿ ಜಲಾನಯನದಲ್ಲಿ ಮಾತ್ರ ಕಂಡುಬರುವ ಡುಬ್ಬದ ಮಹಶೀರ್ ಅಳಿವಿನಂಚಿನಲ್ಲಿರುವುದರಿಂದ ಇದು ಬರಿಯ ಖರ್ಚಿನ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಕಟ್ಟುವ ಕ್ರಮ

1. ಗಾಳವನ್ನು ಹಿಡಿಕೆಯಲ್ಲಿ ಬಿಗಿದು, ಮೊನೆಯ ಹಿಂದಿನ ಎದುರುಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಬೇಕು. ಇದರಿಂದ ಮೀನನ್ನು ಗಾಯವಿಲ್ಲದೆ ಬಿಡಿಸುವುದು ಸುಲಭ.

2. ಗಾಳದ ಕಾಂಡಕ್ಕೆ ದಾರವನ್ನು ಒತ್ತೊತ್ತಾಗಿ ಸುತ್ತಬೇಕು. ನುಣುಪಾದ ಲೋಹದ ಮೇಲೆ ನೇರವಾಗಿ ಕಟ್ಟಿದ ವಸ್ತು ಜಾರುತ್ತದೆ. ಈ ತಳಸುತ್ತು ಅದಕ್ಕೆ ಹಿಡಿತ ಕೊಡುತ್ತದೆ.

3. ಎದೆಯ ಭಾಗದಲ್ಲಿ ತಾಮ್ರದ ತಂತಿಯನ್ನು ಕೆಲವು ಸುತ್ತು ಹಾಕಿ ತೂಕ ಕೊಡಬೇಕು. ಅದರ ಮೇಲೆ ದಾರವನ್ನು ಹಾಯಿಸಿ ಒಂದು ಹನಿ ಅಂಟು ಹಚ್ಚಬೇಕು. ಸೀಸವು ನೀರುಹಕ್ಕಿಗಳಿಗೆ ವಿಷವಾದ್ದರಿಂದ ಅದನ್ನು ಬಳಸದಿರುವುದು ಲೇಸು.

4. ಬಾಲಕ್ಕೆ ಗರಿಯ ಮೂರು ನಾಲ್ಕು ಎಳೆಗಳನ್ನು ಕಟ್ಟಿ, ಅಲ್ಲಿಯೇ ತೆಳುವಾದ ತಂತಿಯ ತುದಿಯನ್ನೂ ಸೇರಿಸಬೇಕು.

5. ಗರಿಯ ಎಳೆಗಳನ್ನು ಕಾಂಡದ ಸುತ್ತ ಒಂದು ದಿಕ್ಕಿನಲ್ಲಿ ಸುತ್ತಿ ಒಡಲು ಮಾಡಿ, ತಂತಿಯನ್ನು ವಿರುದ್ಧ ದಿಕ್ಕಿನಲ್ಲಿ ಅಂತರ ಬಿಟ್ಟು ಸುತ್ತಬೇಕು. ಬಾಳಿಕೆಯ ಗುಟ್ಟು ಇಲ್ಲಿದೆ. ಎರಡೂ ಒಂದೇ ದಿಕ್ಕಿನಲ್ಲಿದ್ದರೆ ತಂತಿಯು ಎಳೆಗಳ ನಡುವೆ ಹುದುಗಿಹೋಗುತ್ತದೆ. ವಿರುದ್ಧ ದಿಕ್ಕಿನಲ್ಲಿದ್ದರೆ ಪ್ರತಿ ಎಳೆಯನ್ನೂ ಅಡ್ಡಹಾಯ್ದು ಒತ್ತಿಹಿಡಿಯುತ್ತದೆ. ಒಂದು ಎಳೆ ತುಂಡಾದರೂ ಉಳಿದದ್ದು ಬಿಚ್ಚುವುದಿಲ್ಲ.

6. ಎದೆಯನ್ನು ದಪ್ಪಗೊಳಿಸಿ, ಗರಿಯ ಎಳೆಗಳನ್ನು ಅದರ ಬೆನ್ನ ಮೇಲೆ ಮಡಚಿ ರೆಕ್ಕೆಯ ಮೊಗ್ಗನ್ನು ರೂಪಿಸಬೇಕು. ಗಾಳದ ಕಣ್ಣಿನ ಹಿಂದೆ ದಾರದ ತುದಿಯನ್ನು ಅದರದೇ ಸುತ್ತುಗಳ ಅಡಿಯಲ್ಲಿ ಎಳೆದು ಗಂಟು ಮುಗಿಸಿ ವಾರ್ನಿಷ್ ಹಚ್ಚಬೇಕು.

ಒಣಗಿದ ನಂತರ ಒಡಲನ್ನು ಬೆರಳುಗಳಿಂದ ಮೆಲ್ಲಗೆ ತಿರುಗಿಸಿ ನೋಡುವುದು ವಾಡಿಕೆ. ಅದು ಕಾಂಡದ ಮೇಲೆ ತಿರುಗಿದರೆ ತಳಸುತ್ತು ಸಡಿಲವಾಗಿದೆ ಎಂದರ್ಥ.

ಗರಿಗಳ ಆಯ್ಕೆ

ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯ ಕತ್ತಿನ ಗರಿಗಳಿಗೆ ಫ್ಲೈ ಕಟ್ಟುವವರಲ್ಲಿ ಹಿಂದೆ ಭಾರಿ ಬೇಡಿಕೆಯಿತ್ತು. ಅವು ಭಾರತದಿಂದ ವಿದೇಶಗಳಿಗೆ ರಫ್ತಾಗುತ್ತಿದ್ದವು. ಈಗ ಈ ಹಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ. ಸಾಕಿದ ನಾಟಿ ಹುಂಜದ ಗರಿಗಳು ನಿಂಫ್ ಕಟ್ಟಲು ಸಾಕಾಗುತ್ತವೆ.

ಅಳಿವೆಯ ನೀರಿನಲ್ಲಿ

ಸಿಹಿನೀರಿನ ನಿಂಫ್‌ನ ರೂಪವು ಎಲ್ಲ ನೀರಿಗೂ ಒಪ್ಪುವುದಿಲ್ಲ. ಕುಮಟಾ ತಾಲ್ಲೂಕಿನ ಹಿರೇಗುತ್ತಿಯ ಬಳಿಯ ಅಘನಾಶಿನಿ ಹಿನ್ನೀರಿನಲ್ಲಿ ಭರತ ಇಳಿತಗಳೊಂದಿಗೆ ಉಪ್ಪುನೀರು ಬಂದು ಹೋಗುತ್ತದೆ. ಮೇ ನೊಣದ ಮರಿಗಳು ಇಂತಹ ನೀರಿನಲ್ಲಿ ಬಾಳುವುದಿಲ್ಲ. ಅಳಿವೆಯಲ್ಲೂ ಗಜನಿ ಗದ್ದೆಗಳಲ್ಲೂ ಮೀನಿಗೆ ಮುಖ್ಯ ಆಹಾರ ಸಿಗಡಿ. ಆದುದರಿಂದ ಇಂತಹ ನೀರಿಗೆ ಅದೇ ಕ್ರಮದಲ್ಲಿ ಸಿಗಡಿಯ ಆಕಾರವನ್ನು ಕಟ್ಟುವುದು ಸೂಕ್ತ. ಸಾಧಾರಣ ಉಕ್ಕಿನ ಗಾಳ ಉಪ್ಪುನೀರಿನಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯದ ಉಕ್ಕಿನ ಅಥವಾ ಲೇಪನವಿರುವ ಗಾಳವನ್ನು ಆರಿಸಿ, ಪ್ರತಿ ಬಳಕೆಯ ನಂತರ ಸಿಹಿನೀರಿನಲ್ಲಿ ತೊಳೆದು ಒಣಗಿಸಿಡಬೇಕು.

ಕಾನೂನು

ರಾಷ್ಟ್ರೀಯ ಉದ್ಯಾನ ಹಾಗೂ ವನ್ಯಜೀವಿಧಾಮಗಳ ಒಳಗಿನ ನದಿಗಳಲ್ಲಿ ಮನರಂಜನೆಗಾಗಿ ಗಾಳ ಹಾಕುವುದಕ್ಕೆ ನಿರ್ಬಂಧವಿದೆ. ಶಿಶಿಲ, ಶೃಂಗೇರಿಯಂತಹ ಕ್ಷೇತ್ರಗಳ ದೇವರ ಮೀನುಗಳನ್ನು ಹಿಡಿಯುವ ಪದ್ಧತಿಯಿಲ್ಲ. ಉಳಿದೆಡೆಯೂ ಗಾಳ ಹಾಕುವ ಮುನ್ನ ಮೀನುಗಾರಿಕೆ ಇಲಾಖೆಯಲ್ಲಿ ನಿಯಮಗಳನ್ನು ವಿಚಾರಿಸಿಕೊಳ್ಳುವುದು ಅಗತ್ಯ.