ಹಣ್ಣಿನ ಪರಿಮಳದ ಕಂದು ಬಿಯರು

ಠಾಕುರ್ಲಿಗೆ ಹೊಂದಿಕೊಂಡ ಡೊಂಬಿವಲಿಯಲ್ಲಿ ರಾಸಾಯನಿಕ ಕಾರ್ಖಾನೆಗಳಿರುವುದು ಎಲ್ಲರಿಗೂ ಗೊತ್ತು. ಮೂಗೇ ಅದಕ್ಕೆ ಸಾಕ್ಷಿ. ಆದರೆ ಅದೇ ಊರಿನಲ್ಲಿ ೨೦೧೪ರ ಸುಮಾರಿಗೆ ಗೇಟ್‌ವೇ ಬ್ರೂಯಿಂಗ್ ಕಂಪನಿ ಎಂಬ ಕಿರು ತಯಾರಿಕಾಲಯವೊಂದು ತಲೆಯೆತ್ತಿ, ಮುಂಬಯಿಯ ಪಾನಗೃಹಗಳಿಗೆ ಪೀಪಾಯಿಗಳಲ್ಲಿ ಬಿಯರು ಕಳುಹಿಸತೊಡಗಿತೆಂಬುದನ್ನು ಬಲ್ಲವರು ಕಡಮೆ. ಅದಕ್ಕೂ ಮೊದಲು, ೨೦೦೯ರಲ್ಲಿ, ಪುಣೆಯಲ್ಲಿ ಡೂಲಾಲಿ ಈ ಮಾರ್ಗವನ್ನು ತೆರೆದಿತ್ತು. ಇಡ್ಲಿ-ವಡೆಯ ಹೋಟೆಲು ಬಿಟ್ಟು ಇಂತಹ ಸ್ಥಳಗಳಲ್ಲಿ ಸಪ್ಲೈಯರುಗಳಾಗಿರುವ ನಮ್ಮ ಹುಡುಗರೂ ಇದ್ದಾರೆ. "ಇದರಲ್ಲಿ ನಿಜವಾಗಿ ಹಣ್ಣು ಇದೆಯೇನಪ್ಪಾ?" ಎಂದು ಗಿರಾಕಿ ಕೇಳಿದಾಗ ಅವರು ತಲೆ ಕೆರೆದುಕೊಳ್ಳಬಾರದೆಂಬುದೇ ಈ ಲೇಖನದ ಉದ್ದೇಶ. ವಾಚಕರು ಕುಡಿಯಬೇಕೆಂದು ನಾವು ಬರೆಯುತ್ತಿಲ್ಲ. ಮಾರುವವನಿಗೆ ಮಾಲಿನ ಗುಣ ತಿಳಿದಿರಬೇಕು, ಅಷ್ಟೆ.

ರಾಗಿಯನ್ನು ಮೊಳೆಯಿಸಿ, ಒಣಗಿಸಿ, ಹುರಿದು ಹಿಟ್ಟು ಮಾಡುವುದನ್ನು ನಮ್ಮ ತಾಯಂದಿರು ಬಲ್ಲರು. ಬಾರ್ಲಿಗೂ ಅದೇ ಸಂಸ್ಕಾರ. ಹುರಿತ ಹೆಚ್ಚಿದಷ್ಟೂ ಬಣ್ಣ ಕಂದಾಗಿ, ಸುಟ್ಟ ಸಕ್ಕರೆಯ, ಕಾಯಿಸಿದ ಬ್ರೆಡ್ಡಿನ ವಾಸನೆ ಏಳುತ್ತದೆ. ಇಂಗ್ಲೆಂಡಿನ ನ್ಯೂಕಾಸಲ್ ಬ್ರೌನ್ ಏಲ್ ೧೯೨೭ರಲ್ಲಿ ಮಾರುಕಟ್ಟೆಗೆ ಬಂದು ಈ ಜಾತಿಯ ಹೆಸರನ್ನು ದೂರದೂರಕ್ಕೆ ಒಯ್ದಿತು.

ಇನ್ನು ಹಣ್ಣಿನ ಮಾತು. ಪರಿಮಳ ಒಳಗೆ ಬರುವ ದಾರಿ ಒಂದೇ ಅಲ್ಲ. ಏಲ್ ಎಂಬುದನ್ನು ಲಾಗರಿನಂತೆ ತಣ್ಣಗಲ್ಲ, ಬೆಚ್ಚಗೆ ಹುದುಗಿಸುತ್ತಾರೆ. ಆ ಬೆಚ್ಚನೆಯಲ್ಲಿ ಯೀಸ್ಟ್ ತಾನಾಗಿಯೇ ಹಣ್ಣಿನ ವಾಸನೆಯನ್ನು ಹುಟ್ಟಿಸುತ್ತದೆ. ಗೇಟ್‌ವೇಯವರ ವೈಟ್ ಜೆನ್ ಜರ್ಮನಿಯ ಗೋಧಿ ಬಿಯರಿನ ಜಾತಿಯದು. ಆ ಜಾತಿಯಲ್ಲಿ ಬಾಳೆಹಣ್ಣು ಹಾಕದೆಯೇ ಬಾಳೆಹಣ್ಣು ಘಮಘಮಿಸುವುದು ಹೀಗೆ. ನಿಜವಾದ ಹಣ್ಣನ್ನೇ ಹಾಕುವ ಪದ್ಧತಿಯೂ ಉಂಟು. ಬೆಲ್ಜಿಯಂ ದೇಶದ ಔಡೆನಾರ್ಡ್ ಊರಿನ ಲೀಫ್‌ಮನ್ಸ್ ಎಂಬ ಹಳೆಯ ಮನೆಯವರು ತಮ್ಮ ಕಂದು ಬಿಯರಿನಲ್ಲಿ ಹುಳಿ ಚೆರಿಯನ್ನು ತಿಂಗಳುಗಟ್ಟಲೆ ನೆನೆಯಿಸಿಡುತ್ತಾರೆ. ಯೀಸ್ಟ್ ಹಣ್ಣಿನ ಸಕ್ಕರೆಯನ್ನೂ ತಿಂದುಬಿಡುವುದರಿಂದ ಬಹುಪಾಲು ಸಿಹಿ ಹೋಗಿ ಹುಳಿ, ಒಗರು, ಪರಿಮಳ ಉಳಿಯುತ್ತವೆ. ಕೊನೆಯಲ್ಲಿ ಎಸೆನ್ಸನ್ನೋ ಸಿರಪ್ಪನ್ನೋ ಸುರಿಯುವುದು ಮೂರನೆಯದು, ಸುಲಭದ್ದು. ಅದರಲ್ಲಿ ವಾಸನೆ ಬೊಬ್ಬೆ ಹೊಡೆಯುತ್ತದೆ, ನಾಲಗೆಗೆ ಶರಬತ್ತಿನ ಅಂಟು ಸಿಗುತ್ತದೆ.

ಇತ್ತೀಚೆಗೆ ನೇರಳೆಹಣ್ಣಿನ ಕಂದು ಏಲ್ ಒಂದರ ರುಚಿ ನೋಡುವ ಸಂದರ್ಭ ನಮಗೆ ಒದಗಿತು. ಗ್ಲಾಸು ಮಂಜಿನಷ್ಟು ತಣ್ಣಗಿತ್ತು. ತಣ್ಣಗಿರುವಾಗ ನಾಲಗೆ ಕುರುಡು. ಹತ್ತು ನಿಮಿಷ ಬಿಟ್ಟೆವು. ಆಮೇಲೆ ಮೂಗಿಗೆ ಮೊದಲು ಬಂದದ್ದು ಹಣ್ಣಲ್ಲ, ಬೆಲ್ಲದ ಪಾಕ. ನುಂಗಿದ ಮೇಲೆ ನೇರಳೆಯ ಒಗರು ನಾಲಗೆಯ ಅಂಚನ್ನು ಹಿಡಿಯಿತು. ಕೊನೆಗೆ ಹಾಲಿಲ್ಲದ ತೆಳು ಡಿಕಾಕ್ಷನ್ನಿನ ಕಹಿ. ಸಿಹಿಯ ಜಿಗುಟಿಲ್ಲ. ಹಣ್ಣು ಅಸಲಿಯೆಂದೇ ನಮ್ಮ ತೀರ್ಪು, ಹುರಿತ ಮಾತ್ರ ಒಂದು ಕೈ ಹೆಚ್ಚು. ಬೆಲೆಯೋ, ನಾಲ್ವರ ಮಸಾಲೆದೋಸೆ-ಕಾಫಿಯ ಬಿಲ್ಲಿನಷ್ಟು!

ಹಣ್ಣಿನ ಹೆಸರು ಕೇಳಿ ಇದನ್ನು ಪಾನಕವೆಂದು ಭಾವಿಸುವವರಿದ್ದಾರೆ. ನೂರಕ್ಕೆ ೫ ಅಂಶ ಮದ್ಯಸಾರವಿರುವ ೫೦೦ ಮಿಲಿಲೀಟರಿನ ಒಂದು ಗ್ಲಾಸಿನಲ್ಲಿ ೨೫ ಮಿಲಿಲೀಟರು ಮದ್ಯಸಾರವಿರುತ್ತದೆ. ಅದು ೬೦ ಮಿಲಿಲೀಟರು ವ್ಹಿಸ್ಕಿಗೆ ಸುಮಾರಾಗಿ ಸಮ. ರಾತ್ರಿಪಾಳಿ ಮುಗಿಸಿ, ಬರಿಹೊಟ್ಟೆಯಲ್ಲಿ ಎರಡು ಗ್ಲಾಸು ಇಳಿಸಿ ಕೊನೆಯ ಕಲ್ಯಾಣ ಲೋಕಲಿನ ಬಾಗಿಲಲ್ಲಿ ನಿಲ್ಲುವ ಹುಡುಗನು ಈ ಲೆಕ್ಕವನ್ನು ತಿಳಿದಿರಲಿ. ಪರ್ಮಿಟ್ ರೂಮ್ ಎಂಬ ಹೆಸರಿಗೆ ಮೂಲವಾದ ೧೯೪೯ರ ಪಾನನಿರೋಧ ಕಾಯ್ದೆ ಮಹಾರಾಷ್ಟ್ರದಲ್ಲಿ ಇನ್ನೂ ಜೀವಂತವಾಗಿದೆ; ಕುಡಿಯುವವನಿಗೆ ಪರವಾನಗಿ ಬೇಕು, ಬಿಯರಿಗೂ ೨೧ ವರ್ಷ ತುಂಬಿರಬೇಕು.

ಬಡಿಸುವವರಿಗೆ ಇನ್ನೊಂದು ಸೂಚನೆ. ದೋಸೆಯ ತಟ್ಟೆಗಳೊಡನೆ ಒಂದೇ ತೊಟ್ಟಿಯಲ್ಲಿ ತೊಳೆದ ಗ್ಲಾಸಿನಲ್ಲಿ ಎಣ್ಣೆಯ ಪಸೆ ಉಳಿದು ನೊರೆ ನಿಲ್ಲುವುದಿಲ್ಲ. ಆಗ ಗಿರಾಕಿಯು ಬಿಯರು ಹಳತೆಂದು ಹಿಂದಕ್ಕೆ ಕಳುಹಿಸಿದರೆ ಪೀಪಾಯಿಯನ್ನು ಬೈಯದೆ, ಮೊದಲು ತೊಟ್ಟಿಯ ನೀರನ್ನು ಬದಲಿಸಿರಿ.